ಪೆನ್‌ಡ್ರೈವ್ ಮೂಲಕ ಲಿನಕ್ಸ್ ಬಳಕೆ

ಗಣಕಯಂತ್ರದ ಒಳಗಿರುವ ಹಾರ್ಡ್ ಡಿಸ್ಕನ್ನು ಅವಲಂಬಿಸದೆ, ಯುಎಸ್‌ಬಿ ಪೋರ್ಟ್‌ಗೆ ಸಿಕ್ಕಿಸಿದ ಪೆನ್‌ಡ್ರೈವ್‌ನಿಂದಲೇ ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯನ್ನು ಆರಂಭಿಸಿ ಕೆಲಸ ಮಾಡುವ ವಿಧಾನವನ್ನು ಪೆನ್‌ಡ್ರೈವ್ ಮೂಲಕ ಲಿನಕ್ಸ್ ಬಳಕೆ ಎನ್ನುತ್ತಾರೆ. ಸ್ಥಾಪನೆ ಮಾಡದೆಯೇ ನೇರವಾಗಿ ನಡೆಯುವ ಇಂತಹ ವ್ಯವಸ್ಥೆಗೆ ‘ಲೈವ್ ಯುಎಸ್‌ಬಿ’ ಎಂಬ ಹೆಸರು ರೂಢಿಯಲ್ಲಿದೆ. ಪೆನ್‌ಡ್ರೈವನ್ನು ತೆಗೆದ ಮೇಲೆ ಗಣಕಯಂತ್ರವು ತನ್ನ ಮೊದಲಿನ ವ್ಯವಸ್ಥೆಗೆ ಮರಳುತ್ತದೆ. ಸ್ವಂತ ಗಣಕಯಂತ್ರವಿಲ್ಲದ ವಿದ್ಯಾರ್ಥಿಗಳು, ಹಳೆಯ ಯಂತ್ರಗಳನ್ನು ಬಳಸುವ ಶಾಲೆಗಳು, ಕೆಟ್ಟುಹೋದ ಗಣಕಯಂತ್ರದಿಂದ ಕಡತಗಳನ್ನು ಹೊರತೆಗೆಯಬೇಕಾದವರು ಈ ವಿಧಾನವನ್ನು ಹೆಚ್ಚಾಗಿ ಬಳಸುತ್ತಾರೆ. ಇಂತಹ ವ್ಯವಸ್ಥೆಯನ್ನು ಆರಂಭಿಸುವುದು ಸುಲಭ. ಅದನ್ನು ಕಾಲಕಾಲಕ್ಕೆ ಪರಿಷ್ಕರಿಸುವುದು ಮಾತ್ರ ಹಾರ್ಡ್ ಡಿಸ್ಕಿನಲ್ಲಿರುವ ವ್ಯವಸ್ಥೆಯನ್ನು ಪರಿಷ್ಕರಿಸಿದಷ್ಟು ಸರಳವಲ್ಲ.

ಹಿನ್ನೆಲೆ

ಲಿನಕ್ಸ್ ಕರ್ನೆಲನ್ನು ಫಿನ್ಲೆಂಡಿನ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದರು. ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ತಂತ್ರಾಂಶಗಳೊಡನೆ ಸೇರಿ ಅದು ಪೂರ್ಣ ಕಾರ್ಯಾಚರಣ ವ್ಯವಸ್ಥೆಯಾಯಿತು. ಯಾರು ಬೇಕಾದರೂ ನಕಲು ಮಾಡಿ, ಮಾರ್ಪಡಿಸಿ, ಹಂಚಬಹುದಾದ ಪರವಾನಗಿ ಇದ್ದುದರಿಂದ ಸ್ಥಾಪಿಸದೆಯೇ ನಡೆಯುವ ಆವೃತ್ತಿಗಳನ್ನು ರೂಪಿಸುವುದು ಸಾಧ್ಯವಾಯಿತು. ಜರ್ಮನಿಯ ಕ್ಲಾಸ್ ಕ್ನೋಪರ್ 2000ದಲ್ಲಿ ಹೊರತಂದ ನಾಪಿಕ್ಸ್ ಸಿ.ಡಿ.ಯು ಈ ಬಗೆಯನ್ನು ಜನಪ್ರಿಯಗೊಳಿಸಿತು. ಬಾರಿ ಕೌಲರ್ 2003ರಲ್ಲಿ ಆರಂಭಿಸಿದ ಪಪ್ಪಿ ಲಿನಕ್ಸ್, ಕಡಿಮೆ ಸಾಮರ್ಥ್ಯದ ಯಂತ್ರಗಳಲ್ಲಿಯೂ ಇದು ಸಾಧ್ಯವೆಂದು ತೋರಿಸಿತು.

ಯುಎಸ್‌ಬಿ ಮಾನಕದ ಮೊದಲ ಆವೃತ್ತಿ 1996ರಲ್ಲಿ ಬಂದಿತು. ಅದನ್ನು ರೂಪಿಸಿದವರಲ್ಲಿ ಭಾರತದಲ್ಲಿ ಜನಿಸಿದ ಅಜಯ್ ಭಟ್ ಒಬ್ಬರು. ಪೆನ್‌ಡ್ರೈವ್‌ಗಳು 2000ದಲ್ಲಿ ಮಾರುಕಟ್ಟೆಗೆ ಬಂದವು. ಸಿ.ಡಿ.ಯ ಮೇಲೆ ಒಮ್ಮೆ ಬರೆದದ್ದನ್ನು ತಿದ್ದಲಾಗದು, ಪೆನ್‌ಡ್ರೈವ್‌ನಲ್ಲಿ ತಿದ್ದಬಹುದು. ಈ ವ್ಯತ್ಯಾಸದಿಂದಾಗಿ ಕೇವಲ ಪ್ರದರ್ಶನಕ್ಕೆ ಇದ್ದ ಲೈವ್ ವ್ಯವಸ್ಥೆಯು ನಿತ್ಯದ ಬಳಕೆಗೆ ಒದಗಿತು.

ಕಾರ್ಯವಿಧಾನ

ಲೈವ್ ವ್ಯವಸ್ಥೆಯಲ್ಲಿ ಕಾರ್ಯಾಚರಣ ವ್ಯವಸ್ಥೆಯ ಎಲ್ಲ ಕಡತಗಳೂ ಒತ್ತಿ ಕಿರಿದುಗೊಳಿಸಿದ ಒಂದೇ ದೊಡ್ಡ ಕಡತದಲ್ಲಿರುತ್ತವೆ. ಸ್ಕ್ವಾಶ್‌ಎಫ್‌ಎಸ್ ಎಂಬ ಈ ವಿನ್ಯಾಸವನ್ನು ಓದಬಹುದೇ ಹೊರತು ಅದರ ಮೇಲೆ ಬರೆಯಲು ಬರುವುದಿಲ್ಲ. ಬಳಕೆದಾರನು ಏನನ್ನಾದರೂ ಬದಲಾಯಿಸಿದಾಗ ಆ ಬದಲಾವಣೆಯು ಇನ್ನೊಂದು ಪದರದಲ್ಲಿ ದಾಖಲಾಗುತ್ತದೆ. ಮುದ್ರಿತ ಪುಟದ ಮೇಲೆ ಪಾರದರ್ಶಕ ಹಾಳೆಯನ್ನಿಟ್ಟು ಅದರ ಮೇಲೆ ತಿದ್ದುಪಡಿ ಬರೆದರೆ, ಓದುವವನಿಗೆ ತಿದ್ದಿದ ಪುಟವೇ ಕಾಣುತ್ತದೆ. ಅಡಿಯಲ್ಲಿರುವ ಮುದ್ರಣವು ಮಾತ್ರ ಹಾಗೆಯೇ ಉಳಿದಿರುತ್ತದೆ. ಇದೂ ಹಾಗೆಯೇ. ಎರಡು ಪದರಗಳನ್ನು ಒಂದಾಗಿ ತೋರಿಸುವ ಓವರ್‌ಲೇಎಫ್‌ಎಸ್ ಎಂಬ ಸೌಲಭ್ಯವು 2014ರಲ್ಲಿ ಲಿನಕ್ಸ್ ಕರ್ನೆಲಿನ 3.18ನೆಯ ಆವೃತ್ತಿಯಲ್ಲಿ ಸೇರಿತು.

ಸಾಮಾನ್ಯವಾಗಿ ಈ ಮೇಲ್ಪದರವು ಯಂತ್ರದ ರ‍್ಯಾಮ್‌ನಲ್ಲಿರುತ್ತದೆ. ಯಂತ್ರವನ್ನು ಆರಿಸಿದೊಡನೆ ಅದು ಅಳಿದುಹೋಗುತ್ತದೆ. ಅದನ್ನು ಪೆನ್‌ಡ್ರೈವ್‌ನಲ್ಲಿಯೇ ಒಂದು ಕಡತವಾಗಿ ಅಥವಾ ಪ್ರತ್ಯೇಕ ವಿಭಾಗವಾಗಿ ಇಟ್ಟರೆ ಬದಲಾವಣೆಗಳು ಮುಂದಿನ ಬಾರಿಗೂ ಉಳಿಯುತ್ತವೆ. ಇದನ್ನು ಶಾಶ್ವತ ಸಂಗ್ರಹ ಎನ್ನಬಹುದು.

ವಿಧಗಳು

ಬಳಕೆಯ ದೃಷ್ಟಿಯಿಂದ ಮೂರು ವಿಧಗಳಿವೆ.

ಶಾಶ್ವತ ಸಂಗ್ರಹವಿಲ್ಲದ ಲೈವ್ ವ್ಯವಸ್ಥೆ: ಪ್ರತಿ ಬಾರಿಯೂ ಹೊಸದಾಗಿ ಆರಂಭವಾಗುತ್ತದೆ. ಲಿನಕ್ಸನ್ನು ಪರಿಚಯ ಮಾಡಿಕೊಳ್ಳಲು, ಯಂತ್ರಾಂಶವು ಅದಕ್ಕೆ ಹೊಂದುವುದೇ ಎಂದು ನೋಡಲು, ಕೆಟ್ಟ ಯಂತ್ರವನ್ನು ಸರಿಪಡಿಸಲು ಸೂಕ್ತ.

ಶಾಶ್ವತ ಸಂಗ್ರಹವಿರುವ ಲೈವ್ ವ್ಯವಸ್ಥೆ: ಕಡತಗಳೂ ಹೊಂದಾಣಿಕೆಗಳೂ ಉಳಿಯುತ್ತವೆ. ಬೇರೆ ಬೇರೆ ಗಣಕಯಂತ್ರಗಳಲ್ಲಿ ಕೆಲಸ ಮಾಡುವವರಿಗೆ ಇದು ಅನುಕೂಲ. ನೆಲಮಂಗಲ, ದೊಡ್ಡಬಳ್ಳಾಪುರದಂತಹ ಊರುಗಳಿಂದ ಬೆಂಗಳೂರಿನ ಕಾಲೇಜುಗಳಿಗೆ ದಿನವೂ ಬಸ್ಸಿನಲ್ಲಿ ಹೋಗಿಬರುವ ವಿದ್ಯಾರ್ಥಿಯು ಕಾಲೇಜಿನ ಪ್ರಯೋಗಾಲಯದಲ್ಲಿ ಅರ್ಧಕ್ಕೆ ನಿಲ್ಲಿಸಿದ ಕೆಲಸವನ್ನು ಊರಿನಲ್ಲಿ ಬೇರೊಂದು ಯಂತ್ರದಲ್ಲಿ ಮುಂದುವರಿಸಬಹುದು.

ಪೂರ್ಣ ಸ್ಥಾಪನೆ: ಪೆನ್‌ಡ್ರೈವನ್ನೇ ಹಾರ್ಡ್ ಡಿಸ್ಕೆಂದು ಭಾವಿಸಿ ಲಿನಕ್ಸನ್ನು ಅದರಲ್ಲಿ ಸ್ಥಾಪಿಸುವುದು. ಇಲ್ಲಿ ಪದರಗಳಿರುವುದಿಲ್ಲ, ವ್ಯವಸ್ಥೆಯ ಯಾವ ಭಾಗವನ್ನಾದರೂ ತಿದ್ದಬಹುದು. ಆದರೆ ಜಾಗ ಹೆಚ್ಚು ಬೇಕು. ಉಬುಂಟು ವಿತರಣೆಗೆ 25 ಜಿಬಿಯಷ್ಟು ಸ್ಥಳವನ್ನು ಶಿಫಾರಸು ಮಾಡಲಾಗಿದೆ. ನಿಧಾನಗತಿಯ ಪೆನ್‌ಡ್ರೈವ್‌ನಲ್ಲಿ ಇದು ಬೇಸರ ತರಿಸುವಷ್ಟು ನಿಧಾನವಾಗುತ್ತದೆ.

ಪೆನ್‌ಡ್ರೈವ್ ಸಿದ್ಧಪಡಿಸುವ ಕ್ರಮ

ಮೊದಲು ಆಯ್ದ ವಿತರಣೆಯ ಐಎಸ್‌ಒ ಕಡತವನ್ನು ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಬೇಕು. ಉಬುಂಟು 24.04ರ ಡೆಸ್ಕ್‌ಟಾಪ್ ಕಡತವು ಸುಮಾರು 6 ಜಿಬಿ ಇದೆ. ತಾಣದಲ್ಲಿ ಕೊಟ್ಟಿರುವ ಎಸ್‌ಎಚ್‌ಎ-256 ಮೊತ್ತವನ್ನು ಇಳಿಸಿಕೊಂಡ ಕಡತದ ಮೊತ್ತದೊಡನೆ ಹೋಲಿಸಿದರೆ, ಇಳಿಸುವಾಗ ಕಡತವು ಕೆಟ್ಟಿದೆಯೇ ಎಂಬುದು ತಿಳಿಯುತ್ತದೆ. ಅನಂತರ ರೂಫಸ್, ಎಚರ್ ಮೊದಲಾದ ತಂತ್ರಾಂಶಗಳಿಂದ ಅಥವಾ ಲಿನಕ್ಸಿನಲ್ಲಿಯೇ ಇರುವ ಡಿಡಿ ಆದೇಶದಿಂದ ಅದನ್ನು ಪೆನ್‌ಡ್ರೈವ್‌ಗೆ ಬರೆಯಬೇಕು. ಐಎಸ್‌ಒ ಕಡತವನ್ನು ಕೇವಲ ನಕಲು ಮಾಡಿ ಅಂಟಿಸಿದರೆ ಯಂತ್ರವು ಅದರಿಂದ ಆರಂಭವಾಗುವುದಿಲ್ಲ. 2020ರಲ್ಲಿ ಬಂದ ವೆಂಟಾಯ್ ಮಾತ್ರ ಇದಕ್ಕೆ ಅಪವಾದ. ಅದನ್ನು ಒಮ್ಮೆ ಪೆನ್‌ಡ್ರೈವ್‌ನಲ್ಲಿ ಅಳವಡಿಸಿದರೆ ಐಎಸ್‌ಒ ಕಡತಗಳನ್ನು ಸುಮ್ಮನೆ ನಕಲು ಮಾಡಿದರೆ ಸಾಕು.

ಬರೆಯುವಾಗ ಪೆನ್‌ಡ್ರೈವ್‌ನಲ್ಲಿದ್ದ ಹಿಂದಿನ ಎಲ್ಲ ಕಡತಗಳೂ ಅಳಿಯುತ್ತವೆ. ಅದಕ್ಕಿಂತ ಅಪಾಯಕಾರಿಯಾದುದು ತಪ್ಪು ಸಾಧನವನ್ನು ಆಯ್ಕೆಮಾಡುವುದು. ಡಿಡಿ ಆದೇಶವು ಯಾವ ಎಚ್ಚರಿಕೆಯನ್ನೂ ನೀಡದೆ ಹೇಳಿದಲ್ಲಿಗೆ ಬರೆಯುತ್ತದೆ. ಒಂದು ಅಕ್ಷರ ತಪ್ಪಿದರೆ ಆ ಯಂತ್ರದ ಹಾರ್ಡ್ ಡಿಸ್ಕೇ ಅಳಿಸಿಹೋಗಬಹುದು. ಬರೆಯುವ ಮುನ್ನ ಸಾಧನದ ಗಾತ್ರವನ್ನು ನೋಡಿ ಗುರುತಿಸಿಕೊಳ್ಳುವುದು ಒಳ್ಳೆಯ ಅಭ್ಯಾಸ. 16 ಜಿಬಿ ಪೆನ್‌ಡ್ರೈವನ್ನು 500 ಜಿಬಿ ಹಾರ್ಡ್ ಡಿಸ್ಕೆಂದು ಯಾರೂ ತಪ್ಪಾಗಿ ಭಾವಿಸುವುದಿಲ್ಲ.

ಯಂತ್ರವನ್ನು ಚಾಲೂ ಮಾಡಿದ ಕೂಡಲೆ ಎಫ್12, ಎಫ್9, ಎಸ್ಕೇಪ್ ಮೊದಲಾದ ಕೀಲಿಗಳಲ್ಲಿ ಒಂದನ್ನು ಒತ್ತಿದರೆ ಯಾವ ಸಾಧನದಿಂದ ಆರಂಭವಾಗಬೇಕೆಂಬ ಪಟ್ಟಿ ಬರುತ್ತದೆ. ಯಾವ ಕೀಲಿ ಎಂಬುದು ತಯಾರಕರನ್ನು ಅವಲಂಬಿಸಿದೆ. ಉಬುಂಟು, ಫೆಡೋರಾ, ಡೆಬಿಯನ್ ವಿತರಣೆಗಳು ಸೆಕ್ಯೂರ್ ಬೂಟ್ ಚಾಲ್ತಿಯಲ್ಲಿದ್ದರೂ ಆರಂಭವಾಗುತ್ತವೆ; ಕೆಲವು ಚಿಕ್ಕ ವಿತರಣೆಗಳು ಆಗುವುದಿಲ್ಲ. 32 ಬಿಟ್‌ನ ಹಳೆಯ ಯಂತ್ರಗಳಿಗೆ ಉಬುಂಟು ತನ್ನ ಡೆಸ್ಕ್‌ಟಾಪ್ ಐಎಸ್‌ಒ ಕಡತವನ್ನು 17.10ನೆಯ ಆವೃತ್ತಿಯಿಂದ ನಿಲ್ಲಿಸಿರುವುದರಿಂದ, ಅಂತಹ ಯಂತ್ರಗಳಿಗೆ ಪಪ್ಪಿ ಲಿನಕ್ಸಿನಂತಹ ಹಗುರ ವಿತರಣೆಗಳ 32 ಬಿಟ್ ಆವೃತ್ತಿಗಳನ್ನು ಆಯ್ದುಕೊಳ್ಳಬೇಕು.

ಪರಿಷ್ಕರಣೆ

ತಂತ್ರಾಂಶಗಳಲ್ಲಿ ಭದ್ರತೆಯ ಲೋಪಗಳು ಕಂಡುಬಂದಂತೆಲ್ಲ ವಿತರಣೆಗಳು ತಿದ್ದಿದ ಆವೃತ್ತಿಗಳನ್ನು ಹೊರತರುತ್ತವೆ. ಪರಿಷ್ಕರಿಸದ ವ್ಯವಸ್ಥೆಯಲ್ಲಿ ಅಂತರಜಾಲವನ್ನು ಜಾಲಾಡುವುದು, ಅದರಲ್ಲಿಯೂ ಬ್ಯಾಂಕಿನ ವ್ಯವಹಾರ ನಡೆಸುವುದು ಅಪಾಯಕರ. ಪೆನ್‌ಡ್ರೈವ್‌ನ ವ್ಯವಸ್ಥೆಗೂ ಈ ಮಾತು ಅನ್ವಯಿಸುತ್ತದೆ. ಆದರೆ ಪರಿಷ್ಕರಣೆಯ ಪರಿಣಾಮವು ಮೂರು ವಿಧಗಳಲ್ಲಿ ಮೂರು ರೀತಿಯಾಗಿರುತ್ತದೆ.

ಶಾಶ್ವತ ಸಂಗ್ರಹವಿಲ್ಲದಿದ್ದರೆ ಪರಿಷ್ಕರಣೆಯು ಯಂತ್ರವನ್ನು ಆರಿಸುವವರೆಗೆ ಮಾತ್ರ ಇರುತ್ತದೆ. ಮರುದಿನ ಅದೇ ಹಳೆಯ ಆವೃತ್ತಿ ಎದುರಾಗುತ್ತದೆ. ಇಲ್ಲಿ ಮಾಡಬೇಕಾದುದು ಹೊಸ ಐಎಸ್‌ಒ ಕಡತವನ್ನು ತಂದು ಪೆನ್‌ಡ್ರೈವ್‌ಗೆ ಮತ್ತೆ ಬರೆಯುವುದು. ಡೆಬಿಯನ್ ತನ್ನ ಸ್ಥಿರ ಆವೃತ್ತಿಯ ತಿದ್ದಿದ ಪ್ರತಿಯನ್ನು ಸುಮಾರು ಎರಡು ತಿಂಗಳಿಗೊಮ್ಮೆ ಹೊರತರುತ್ತದೆ. ಉಬುಂಟುವಿನ ದೀರ್ಘಾವಧಿ ಆವೃತ್ತಿಗೆ ಸುಮಾರು ಆರು ತಿಂಗಳಿಗೊಮ್ಮೆ ಅಂತಹ ಪ್ರತಿ ಬರುತ್ತದೆ.

ಶಾಶ್ವತ ಸಂಗ್ರಹವಿರುವಲ್ಲಿ ಸಮಸ್ಯೆ ಸೂಕ್ಷ್ಮವಾದುದು. ಪರಿಷ್ಕರಣೆಯ ಆದೇಶವು ಯಾವ ದೋಷವನ್ನೂ ತೋರದೆ ಮುಗಿಯುತ್ತದೆ. ಬಳಕೆದಾರನು ಎಲ್ಲವೂ ಸರಿಯಾಯಿತೆಂದು ಭಾವಿಸುತ್ತಾನೆ. ಆದರೆ ಮೂರು ವಿಷಯಗಳು ಅವನ ಕಣ್ಣಿಗೆ ಬೀಳುವುದಿಲ್ಲ.

ಒಂದನೆಯದು ಜಾಗ. ಹಳೆಯ ಕಡತವು ಅಡಿಪದರದಲ್ಲಿ ಹಾಗೆಯೇ ಉಳಿದು, ಹೊಸದು ಮೇಲ್ಪದರದಲ್ಲಿ ಸೇರುತ್ತದೆ. ಅಂದರೆ ಒಂದೇ ತಂತ್ರಾಂಶಕ್ಕೆ ಎರಡು ಪಾಲು ಜಾಗ. ಅಡಿಪದರದ ತಂತ್ರಾಂಶವೊಂದನ್ನು ತೆಗೆದುಹಾಕಿದರೂ ‘ಇದನ್ನು ತೋರಿಸಬೇಡ’ ಎಂಬ ಗುರುತು ಮಾತ್ರ ಮೇಲ್ಪದರದಲ್ಲಿ ಬೀಳುತ್ತದೆ. ಜಾಗ ಮರಳಿ ಸಿಗುವುದಿಲ್ಲ. ಎಫ್‌ಎಟಿ32 ವಿನ್ಯಾಸದ ಪೆನ್‌ಡ್ರೈವ್‌ನಲ್ಲಿ ಒಂದು ಕಡತವು 4 ಜಿಬಿಯನ್ನು ಮೀರುವಂತಿಲ್ಲವಾದ್ದರಿಂದ, ಸಂಗ್ರಹವನ್ನು ಅಲ್ಲಿ ಕಡತವಾಗಿ ಇಟ್ಟವರಿಗೆ ಈ ಮಿತಿ ಬೇಗನೆ ಎದುರಾಗುತ್ತದೆ. ಫೆಡೋರಾದ ಹಳೆಯ ಬಗೆಯ ಮೇಲ್ಪದರದಲ್ಲಿ ಒಮ್ಮೆ ಬಳಸಿದ ಜಾಗವು ಕಡತವನ್ನು ಅಳಿಸಿದ ಮೇಲೂ ಮರಳಿ ದೊರೆಯುವುದಿಲ್ಲ. ಪದರವು ಪೂರ್ತಿ ತುಂಬಿದರೆ ವ್ಯವಸ್ಥೆಯು ಮುಂದಿನ ಬಾರಿ ಆರಂಭವಾಗದೆಯೂ ಹೋಗಬಹುದು.

ಎರಡನೆಯದು ಕರ್ನೆಲ್. ಯಂತ್ರವು ಆರಂಭವಾಗುವಾಗ ಬಳಸುವ ಕರ್ನೆಲ್, ಒತ್ತಿ ಇಟ್ಟ ಕಡತದ ಹೊರಗೆ ಪೆನ್‌ಡ್ರೈವ್‌ನಲ್ಲಿ ಪ್ರತ್ಯೇಕವಾಗಿರುತ್ತದೆ. ಪರಿಷ್ಕರಣೆಯು ಹೊಸ ಕರ್ನೆಲನ್ನು ಮೇಲ್ಪದರದಲ್ಲಿ ಇರಿಸುತ್ತದೆ. ಮರುದಿನ ಯಂತ್ರವು ಹಳೆಯದರಿಂದಲೇ ಆರಂಭವಾಗುತ್ತದೆ. ಭದ್ರತೆಯ ಮಹತ್ತ್ವದ ತಿದ್ದುಪಡಿಗಳಲ್ಲಿ ಹಲವು ಕರ್ನೆಲಿಗೆ ಸಂಬಂಧಿಸಿದವು ಎಂಬುದರಿಂದ ಇದು ಸಣ್ಣ ಕೊರತೆಯಲ್ಲ.

ಮೂರನೆಯದು ಆವೃತ್ತಿಯ ಬದಲಾವಣೆ. ಮೇಲ್ಪದರವು ತನ್ನ ಅಡಿಯಲ್ಲಿರುವ ನಿರ್ದಿಷ್ಟ ಪ್ರತಿಗೆ ಹೊಂದುವಂತೆ ಬೆಳೆದಿರುತ್ತದೆ. ಅಡಿಪದರವನ್ನು ಹೊಸ ಆವೃತ್ತಿಯಿಂದ ಬದಲಿಸಿ ಹಳೆಯ ಮೇಲ್ಪದರವನ್ನೇ ಉಳಿಸಿಕೊಂಡರೆ ಎರಡೂ ಒಂದಕ್ಕೊಂದು ಹೊಂದದೆ ವ್ಯವಸ್ಥೆ ಕೆಡುತ್ತದೆ.

ಈ ತೊಡಕುಗಳಿಗೆ ಒಳ್ಳೆಯ ಪರಿಹಾರವೆಂದರೆ ಬಳಕೆದಾರನ ಕೆಲಸವನ್ನು ವ್ಯವಸ್ಥೆಯಿಂದ ಬೇರ್ಪಡಿಸುವುದು. ಇಡೀ ವ್ಯವಸ್ಥೆಯ ಬದಲಾವಣೆಗಳನ್ನು ಉಳಿಸುವ ಬದಲು ‘ಹೋಮ್’ ಕಡತಕೋಶವನ್ನು ಮಾತ್ರ ಶಾಶ್ವತ ಸಂಗ್ರಹದಲ್ಲಿ ಇಡಲು ಡೆಬಿಯನ್ ಮತ್ತು ಉಬುಂಟು ಎರಡರಲ್ಲಿಯೂ ಅವಕಾಶವಿದೆ. ಹೀಗೆ ಮಾಡಿದರೆ ಹಳೆಯ ಅಡಿಪದರವನ್ನು ತೆಗೆದು ಹೊಸದನ್ನು ಇಡಬಹುದು. ಬರೆಹ, ಚಿತ್ರ, ಹೊಂದಾಣಿಕೆಗಳು ಹಾಗೆಯೇ ಉಳಿಯುತ್ತವೆ. ಟೇಲ್ಸ್ ಎಂಬ ವಿತರಣೆಯು ಇದೇ ತತ್ತ್ವವನ್ನು ಅನುಸರಿಸುತ್ತದೆ. ಅದರಲ್ಲಿ ವ್ಯವಸ್ಥೆಗೆ ಒಂದು ವಿಭಾಗ, ಬಳಕೆದಾರನ ಗೂಢಲಿಪೀಕರಿಸಿದ ಸಂಗ್ರಹಕ್ಕೆ ಇನ್ನೊಂದು ವಿಭಾಗವಿದ್ದು, ಪರಿಷ್ಕರಣೆಯು ಮೊದಲನೆಯದನ್ನು ಮಾತ್ರ ಬದಲಿಸುತ್ತದೆ. ಹೆಚ್ಚುವರಿ ತಂತ್ರಾಂಶಗಳ ಪಟ್ಟಿಯನ್ನು ಇಟ್ಟುಕೊಂಡು ಪ್ರತಿ ಬಾರಿಯೂ ಅವನ್ನು ತಾನೇ ಮರುಸ್ಥಾಪಿಸಿಕೊಳ್ಳುತ್ತದೆ.

ಪೂರ್ಣ ಸ್ಥಾಪನೆಯಲ್ಲಿ ಕರ್ನೆಲ್ ಸೇರಿದಂತೆ ಎಲ್ಲವೂ ಸಹಜವಾಗಿ ಪರಿಷ್ಕಾರಗೊಳ್ಳುತ್ತದೆ. ನಿತ್ಯವೂ ಬಳಸುವವರಿಗೆ ಇದೇ ಯೋಗ್ಯ. ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಸ್ಥಾಪಿಸುವಾಗ ಬೂಟ್‌ಲೋಡರ್ ಪೆನ್‌ಡ್ರೈವ್‌ನಲ್ಲಿಯೇ ಕೂರಬೇಕು. ಕೆಲವು ಸ್ಥಾಪಕ ತಂತ್ರಾಂಶಗಳು ಅದನ್ನು ಯಂತ್ರದ ಒಳಗಿನ ಡಿಸ್ಕಿಗೆ ಬರೆದುಬಿಡುವುದುಂಟು. ಹಾಗಾದರೆ ಪೆನ್‌ಡ್ರೈವ್ ಬೇರೆ ಯಂತ್ರದಲ್ಲಿ ನಡೆಯದು, ಆ ಯಂತ್ರವೂ ಪೆನ್‌ಡ್ರೈವ್ ಇಲ್ಲದೆ ತೊಡಕು ಕೊಡಬಹುದು. ಸಾಧ್ಯವಿದ್ದಲ್ಲಿ ಸ್ಥಾಪನೆಯ ವೇಳೆ ಒಳಗಿನ ಡಿಸ್ಕನ್ನು ಬೇರ್ಪಡಿಸುವುದು ಸುರಕ್ಷಿತ. ಎರಡನೆಯದಾಗಿ, ಫೆಡೋರಾ ಮೊದಲಾದ ಕೆಲವು ವಿತರಣೆಗಳು ಕರ್ನೆಲನ್ನು ಪರಿಷ್ಕರಿಸುವಾಗ, ಆ ಹೊತ್ತಿಗೆ ಪೆನ್‌ಡ್ರೈವ್ ಯಾವ ಯಂತ್ರದಲ್ಲಿದೆಯೋ ಅದಕ್ಕೆ ಬೇಕಾದ ಚಾಲಕ ತಂತ್ರಾಂಶಗಳನ್ನು ಮಾತ್ರ ಆರಂಭಿಕ ಕಡತದಲ್ಲಿ ಸೇರಿಸುತ್ತವೆ. ಹಲವು ಯಂತ್ರಗಳಲ್ಲಿ ನಡೆಯಬೇಕಾದ ಪೆನ್‌ಡ್ರೈವ್‌ಗೆ ಎಲ್ಲ ಚಾಲಕಗಳೂ ಸೇರುವಂತೆ ಹೊಂದಿಸಬೇಕು.

ಪರಿಷ್ಕರಣೆ ನಡೆಯುತ್ತಿರುವಾಗ ಪೆನ್‌ಡ್ರೈವನ್ನು ಕೀಳಬಾರದು. ವಿದ್ಯುತ್ ಕಡಿತ ಸಾಮಾನ್ಯವಾದ ಊರುಗಳಲ್ಲಿ ಯುಪಿಎಸ್ ಇರುವ ಯಂತ್ರದಲ್ಲಿ ಅಥವಾ ಬ್ಯಾಟರಿ ತುಂಬಿದ ಲ್ಯಾಪ್‌ಟಾಪ್‌ನಲ್ಲಿ ಈ ಕೆಲಸ ಮಾಡುವುದು ಮೇಲು. ಡೆಬಿಯನ್ ಮೂಲದ ವಿತರಣೆಗಳಲ್ಲಿ ಅರ್ಧಕ್ಕೆ ನಿಂತ ಪರಿಷ್ಕರಣೆಯನ್ನು ಡಿಪಿಕೆಜಿ ಆದೇಶದ ಮೂಲಕ ಮುಂದುವರಿಸಬಹುದು. ಕಡತವ್ಯವಸ್ಥೆಯೇ ಕೆಟ್ಟಿದ್ದರೆ ಇದರಿಂದ ಪ್ರಯೋಜನವಿಲ್ಲ. ಆದುದರಿಂದ ಪರಿಷ್ಕರಣೆಗೆ ಮುನ್ನ ಸ್ವಂತ ಕಡತಗಳ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡುವುದು ಕಡ್ಡಾಯವೆಂದೇ ತಿಳಿಯಬೇಕು.

ಸವೆತ ಮತ್ತು ವೇಗ

ಪೆನ್‌ಡ್ರೈವ್‌ನ ಫ್ಲ್ಯಾಶ್ ಸ್ಮೃತಿಕೋಶಗಳನ್ನು ನಿರ್ದಿಷ್ಟ ಸಂಖ್ಯೆಯ ಸಲ ಮಾತ್ರ ಅಳಿಸಿ ಬರೆಯಬಹುದು. ಕಾರ್ಯಾಚರಣ ವ್ಯವಸ್ಥೆಯು ದಿನವಿಡೀ ಸಣ್ಣ ಸಣ್ಣ ಬರೆಹಗಳನ್ನು ಮಾಡುತ್ತಲೇ ಇರುವುದರಿಂದ, ಕೇವಲ ಕಡತ ಸಾಗಿಸಲು ಬಳಸುವ ಪೆನ್‌ಡ್ರೈವ್‌ಗಿಂತ ಇದು ಬೇಗ ಸವೆಯುತ್ತದೆ. ಸ್ವಾಪ್ ವಿಭಾಗವನ್ನು ಪೆನ್‌ಡ್ರೈವ್‌ನಲ್ಲಿ ಇಡದಿರುವುದು, ಕಡತವನ್ನು ಓದಿದ ಸಮಯವನ್ನು ದಾಖಲಿಸದಂತೆ ಹೊಂದಿಸುವುದು, ಬ್ರೌಸರಿನ ತಾತ್ಕಾಲಿಕ ಕಡತಗಳನ್ನು ರ‍್ಯಾಮ್‌ಗೆ ವರ್ಗಾಯಿಸುವುದು ಇವುಗಳಿಂದ ಸವೆತ ಕಡಿಮೆಯಾಗುತ್ತದೆ. ಪಪ್ಪಿ ಲಿನಕ್ಸ್ ಇಡೀ ವ್ಯವಸ್ಥೆಯನ್ನು ರ‍್ಯಾಮ್‌ಗೆ ತಂದುಕೊಂಡು, ಬದಲಾವಣೆಗಳನ್ನು ಆಗಾಗ ಅಥವಾ ಮುಗಿಸುವಾಗ ಮಾತ್ರ ಪೆನ್‌ಡ್ರೈವ್‌ಗೆ ಬರೆಯುತ್ತದೆ.

ಯುಎಸ್‌ಬಿ 2.0ರ ಗರಿಷ್ಠ ವೇಗ ಸೆಕೆಂಡಿಗೆ 480 ಮೆಗಾಬಿಟ್. 2008ರಲ್ಲಿ ಬಂದ ಯುಎಸ್‌ಬಿ 3.0ರದು 5 ಗಿಗಾಬಿಟ್. ಆದರೆ ಪೆಟ್ಟಿಗೆಯ ಮೇಲೆ ಮುದ್ರಿಸಿದ ವೇಗವು ದೊಡ್ಡ ಕಡತವನ್ನು ಒಂದೇ ಸಮನೆ ಓದುವ ವೇಗ. ಪರಿಷ್ಕರಣೆಯ ವೇಳೆ ಸಾವಿರಾರು ಚಿಕ್ಕ ಕಡತಗಳನ್ನು ಬರೆಯಬೇಕಾಗುವುದರಿಂದ ಅಗ್ಗದ ಪೆನ್‌ಡ್ರೈವ್‌ನಲ್ಲಿ ಬಹಳ ಹೊತ್ತು ಹಿಡಿಯುತ್ತದೆ. ಅಷ್ಟೇ ಅಲ್ಲದೆ, ನಿಜವಾದ ಸಾಮರ್ಥ್ಯಕ್ಕಿಂತ ಹೆಚ್ಚು ಗಾತ್ರವನ್ನು ತೋರಿಸುವ ನಕಲಿ ಪೆನ್‌ಡ್ರೈವ್‌ಗಳೂ ಇವೆ. ಅವುಗಳನ್ನು ಎಫ್3 ಎಂಬ ಸ್ವತಂತ್ರ ತಂತ್ರಾಂಶದಿಂದ ಪತ್ತೆಮಾಡಬಹುದು.

ಕನ್ನಡದ ಬಳಕೆ

ಯೂನಿಕೋಡ್ ಮಾನಕದಲ್ಲಿ ಕನ್ನಡವು 1991ರ ಮೊದಲ ಆವೃತ್ತಿಯಿಂದಲೇ ಇದೆ. ಲಿನಕ್ಸಿಗೆ ಲೋಹಿತ್ ಕನ್ನಡ, ಗುಬ್ಬಿ, ನವಿಲು, ನೋಟೊ ಮೊದಲಾದ ಸ್ವತಂತ್ರ ಅಕ್ಷರಶೈಲಿಗಳು ಲಭ್ಯ. ಐಬಸ್ ಮತ್ತು ಎಂ17ಎನ್ ಮೂಲಕ ಇನ್‌ಸ್ಕ್ರಿಪ್ಟ್ ಹಾಗೂ ಕನ್ನಡ ಗಣಕ ಪರಿಷತ್ತಿನ ಹೆಸರಿನ ಕೆಜಿಪಿ ಕೀಲಿಮಣೆ ವಿನ್ಯಾಸಗಳಲ್ಲಿ ಬೆರಳಚ್ಚು ಮಾಡಬಹುದು. ಗ್ನೋಮ್ ಮತ್ತು ಕೆಡಿಇ ಪರಿಸರಗಳಿಗೆ ಸ್ವಯಂಸೇವಕರು ಮಾಡಿದ ಕನ್ನಡ ಅನುವಾದಗಳಿವೆ.

ಆದರೆ ಐಎಸ್‌ಒ ಕಡತದ ಗಾತ್ರವನ್ನು ಮಿತಿಯಲ್ಲಿಡಲು ಉಬುಂಟು ಕೆಲವೇ ಭಾಷೆಗಳ ಪೊಟ್ಟಣಗಳನ್ನು ಅದರೊಳಗೆ ಸೇರಿಸುತ್ತದೆ. ಕನ್ನಡದ ಭಾಷಾ ಪೊಟ್ಟಣವನ್ನೂ ಕೀಲಿಮಣೆಯ ಸೌಲಭ್ಯವನ್ನೂ ಅಂತರಜಾಲದಿಂದ ಪಡೆಯಬೇಕಾಗಬಹುದು. ಶಾಶ್ವತ ಸಂಗ್ರಹವಿಲ್ಲದ ಪೆನ್‌ಡ್ರೈವ್‌ನಲ್ಲಿ ಇವು ಪ್ರತಿ ಬಾರಿಯೂ ಅಳಿಯುತ್ತವೆ. ಹೀಗಾಗಿ ಕನ್ನಡದಲ್ಲಿ ಬರೆಯುವವರಿಗೆ ಶಾಶ್ವತ ಸಂಗ್ರಹ ಅಥವಾ ಪೂರ್ಣ ಸ್ಥಾಪನೆ ಇತರರಿಗಿಂತ ಹೆಚ್ಚು ಅಗತ್ಯ. ಹೋಮ್ ಕಡತಕೋಶವನ್ನು ಮಾತ್ರ ಉಳಿಸುವ ವಿಧಾನದಲ್ಲಿ ಅಕ್ಷರಶೈಲಿಗಳನ್ನು ಅದರೊಳಗೇ ಇಡಬಹುದು. ಕೀಲಿಮಣೆಯ ತಂತ್ರಾಂಶವನ್ನು ಮಾತ್ರ ಮತ್ತೆ ಸೇರಿಸಿಕೊಳ್ಳಬೇಕು. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಶೈಲಿಗಳಲ್ಲಿ ಬೆರಳಚ್ಚಾದ ಕಡತಗಳು ಲಿನಕ್ಸಿನಲ್ಲಿ ಸರಿಯಾಗಿ ಕಾಣಬೇಕಾದರೆ ಅವನ್ನು ಯೂನಿಕೋಡ್‌ಗೆ ಪರಿವರ್ತಿಸಿಕೊಳ್ಳುವುದು ಉತ್ತಮ.

ಕರ್ನಾಟಕ ಮತ್ತು ಕಾಸರಗೋಡಿನಲ್ಲಿ

ಒಂದು ಯಂತ್ರವನ್ನು ಹಲವರು ಹಂಚಿಕೊಳ್ಳಬೇಕು, ಪ್ರತಿಯೊಬ್ಬನ ಕೆಲಸವೂ ಅವನ ಕೈಯಲ್ಲಿಯೇ ಇರಬೇಕು ಎಂಬ ಆಲೋಚನೆ ಬೆಂಗಳೂರಿನಲ್ಲಿ ಮೊದಲೇ ಮೂಡಿತ್ತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಸಾಫ್ಟ್‌ವೇರ್ ಸಂಸ್ಥೆಯ ತಂತ್ರಜ್ಞರೂ ಸೇರಿ ರೂಪಿಸಿದ ಸಿಂಪ್ಯೂಟರ್ ಎಂಬ ಕೈಗಣಕವು ಲಿನಕ್ಸಿನಿಂದ ನಡೆಯುತ್ತಿತ್ತು. ಅದರಲ್ಲಿ ಸ್ಮಾರ್ಟ್ ಕಾರ್ಡ್ ಬಳಸುವ ಸೌಲಭ್ಯವಿದ್ದು, ಒಬ್ಬೊಬ್ಬ ಬಳಕೆದಾರನ ಮಾಹಿತಿಯನ್ನು ಅವನದೇ ಕಾರ್ಡಿನಲ್ಲಿ ಇಡಬಹುದಾಗಿತ್ತು. ಅದರ ಒಂದು ರೂಪವಾದ ಅಮಿಡ ಸಿಂಪ್ಯೂಟರ್ 2004ರಲ್ಲಿ ಮಾರುಕಟ್ಟೆಗೆ ಬಂದಿತು. ಉದ್ದೇಶಿಸಿದಷ್ಟು ವ್ಯಾಪಕವಾಗಿ ಅದು ಹರಡಲಿಲ್ಲ. ಆದರೆ ಅದರ ಹಂಚಿಕೆಯ ತತ್ತ್ವವನ್ನೇ ಇಂದು ಪೆನ್‌ಡ್ರೈವ್ ಅಗ್ಗದಲ್ಲಿ ಒದಗಿಸುತ್ತಿದೆ.

2010ರ ದಶಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆಯು ರಾಜ್ಯದ ಶಿಕ್ಷಣ ಇಲಾಖೆಯೊಡನೆ ಸೇರಿ ಸರ್ಕಾರಿ ಪ್ರೌಢಶಾಲಾ ಶಿಕ್ಷಕರ ವಿಷಯವಾರು ವೇದಿಕೆಗಳನ್ನು ನಡೆಸಿತು. ಉಬುಂಟು, ಜಿಯೋಜೀಬ್ರಾ ಮೊದಲಾದ ಸ್ವತಂತ್ರ ತಂತ್ರಾಂಶಗಳ ತರಬೇತಿ ಅಲ್ಲಿ ನಡೆಯಿತು. ಫ್ರೀ ಸಾಫ್ಟ್‌ವೇರ್ ಮೂವ್‌ಮೆಂಟ್ ಕರ್ನಾಟಕವು ವಿದ್ಯಾರ್ಥಿಗಳ ನಡುವೆ ಇದೇ ಬಗೆಯ ಕೆಲಸ ಮಾಡುತ್ತಿದೆ. ಕೇಂದ್ರ ಸರ್ಕಾರದ ಸಿ-ಡ್ಯಾಕ್ ಸಂಸ್ಥೆಯ ಬಾಸ್ ಲಿನಕ್ಸ್ ವಿತರಣೆಯು ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಬೆಂಬಲ ನೀಡುತ್ತದೆ.

ಕೇರಳದಲ್ಲಿ 2001ರಲ್ಲಿ ಆರಂಭವಾದ ಐಟಿ@ಸ್ಕೂಲ್ ಯೋಜನೆಯು ಮುಂದೆ ಶಾಲೆಗಳ ಗಣಕಶಿಕ್ಷಣವನ್ನು ಸ್ವತಂತ್ರ ತಂತ್ರಾಂಶಕ್ಕೆ ಬದಲಿಸಿತು. 2017ರಲ್ಲಿ ಅದು ಕೈಟ್ ಎಂಬ ಸಂಸ್ಥೆಯಾಯಿತು. ಇದರ ಫಲವಾಗಿ ಕಾಸರಗೋಡಿನ ಕನ್ನಡ ಮಾಧ್ಯಮದ ಶಾಲೆಗಳ ಮಕ್ಕಳೂ ಲಿನಕ್ಸಿನಲ್ಲಿಯೇ ಗಣಕಪಾಠವನ್ನು ಕಲಿಯುತ್ತಾರೆ. ಅವರಿಗೆ ಈ ವಿಷಯದ ಪಠ್ಯಪುಸ್ತಕಗಳು ಕನ್ನಡದಲ್ಲಿವೆ.

ಸುರಕ್ಷತೆ ಮತ್ತು ಮಿತಿಗಳು

ಪೆನ್‌ಡ್ರೈವ್ ಸುಲಭವಾಗಿ ಕಳೆದುಹೋಗುವ ವಸ್ತು. ಅದರಲ್ಲಿ ಗುಪ್ತಪದಗಳು, ಅಂಕಪಟ್ಟಿ, ಗುರುತಿನ ಚೀಟಿಗಳ ಪ್ರತಿಗಳಿದ್ದರೆ ಸಂಗ್ರಹ ವಿಭಾಗವನ್ನು ಲಕ್ಸ್ ವಿಧಾನದಿಂದ ಗೂಢಲಿಪೀಕರಿಸಬೇಕು. ಗುಪ್ತಪದವನ್ನು ಮರೆತರೆ ಆ ಕಡತಗಳನ್ನು ಮರಳಿ ಪಡೆಯುವ ದಾರಿಯಿಲ್ಲ.

ಇತರರ ಯಂತ್ರದಲ್ಲಿ ಪೆನ್‌ಡ್ರೈವ್‌ನಿಂದ ವ್ಯವಸ್ಥೆಯನ್ನು ಆರಂಭಿಸುವ ಮುನ್ನ ಅನುಮತಿ ಪಡೆಯುವುದು ಅವಶ್ಯಕ. ಅನೇಕ ಪ್ರಯೋಗಾಲಯಗಳಲ್ಲಿ ಈ ಸೌಲಭ್ಯವನ್ನು ಬೇಕೆಂದೇ ಮುಚ್ಚಿರುತ್ತಾರೆ. ವಿಂಡೋಸ್ ನಿದ್ರಾಸ್ಥಿತಿಯಲ್ಲಿರುವಾಗ ಅದರ ಡಿಸ್ಕಿಗೆ ಲಿನಕ್ಸಿನಿಂದ ಬರೆಯಬಾರದು. ಬರೆದರೆ ಕಡತಗಳು ಹಾಳಾಗಬಹುದು. ಬಿಟ್‌ಲಾಕರ್ ಇರುವ ಯಂತ್ರದಲ್ಲಿ ಸೆಕ್ಯೂರ್ ಬೂಟ್ ಹೊಂದಾಣಿಕೆಯನ್ನು ಬದಲಾಯಿಸಿದರೆ ವಿಂಡೋಸ್ ಮರುಪ್ರವೇಶದ ಕೀಲಿಯನ್ನು ಕೇಳಬಹುದು. ಲಿನಕ್ಸ್ ಸಾಮಾನ್ಯವಾಗಿ ಯಂತ್ರದ ಗಡಿಯಾರವನ್ನು ಅಂತರರಾಷ್ಟ್ರೀಯ ಸಮಯದಲ್ಲಿ ಇಡುವುದರಿಂದ, ಅನಂತರ ವಿಂಡೋಸ್ ತೆರೆದಾಗ ಗಡಿಯಾರವು ಐದೂವರೆ ಗಂಟೆ ಹಿಂದೆ ಇರುವುದೂ ಕಾಣಬರುತ್ತದೆ. ಇದು ದೋಷವಲ್ಲ, ಸಮಯವನ್ನು ಸರಿಪಡಿಸಿದರೆ ಸಾಕು.

ಪೆನ್‌ಡ್ರೈವ್ ಮುನ್ಸೂಚನೆಯಿಲ್ಲದೆ ಕೆಡಬಹುದಾದ ಸಾಧನವಾದ್ದರಿಂದ ಯಾವುದೇ ಕೆಲಸದ ಏಕೈಕ ಪ್ರತಿಯನ್ನು ಅದರಲ್ಲಿ ಇಡುವುದು ಸೂಕ್ತವಲ್ಲ. ವ್ಯವಸ್ಥೆಯನ್ನು ಮತ್ತೆ ಇಳಿಸಿಕೊಳ್ಳಬಹುದು. ಬಳಕೆದಾರನ ಸ್ವಂತ ಬರೆಹವು ಅವನು ತೆಗೆದಿಟ್ಟ ಪ್ರತಿಯಿಂದ ಮಾತ್ರ ಮರಳಿ ದೊರೆಯುತ್ತದೆ.